ಮೂಗು ಪಂಚಾಯ್ತಿ

ಊರಿಗೆಲ್ಲ ಲಾಕಿಯಾದ ಲಾಕ್ಲನ್ ಪಿರಿಗೆ ಮೂಗು ಕೈಕೊಟ್ಟು ಏಳು ವಾರವಾಗಿತ್ತು. ಬಾಲ್‌ಕೆರ್ನಿ ಊರಿನಲ್ಲಿ ಈ ಸಂಗತಿ ಗೊತ್ತಿದ್ದದ್ದು ಅವನ ಹೆಂಡತಿ ಸೆಂಗಾ ಒಬ್ಬಳಿಗೇ. ಅವಳಿಗೂ ಅವನೇನು ಬಾಯಿಬಿಟ್ಟು ಹೇಳಿರಲಿಲ್ಲ. ಜನವರಿಯ ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅವಳು ಫೋನಿನಲ್ಲಿ ಮಾತಾಡುತ್ತ ಓಟ್ಸ್ ಗಂಜಿಯನ್ನು ತಳ ಹಿಡಿಸಿದ್ದಳು. ಲಾಕಿ ಅದನ್ನು ಬಟ್ಟಲು ತುಂಬ ಹಾಕಿಕೊಂಡು, ಬಳಿದು ತಿಂದು, "ಚೆನ್ನಾಗಿದೆ" ಅಂದ. ಸೆಂಗಾ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು.

"ಎಷ್ಟು ದಿನ ಆಯ್ತು?"

"ಏನು ಎಷ್ಟು ದಿನ?"

"ನಾಟಕ ಬೇಡ. ಮನೆಯೆಲ್ಲ ಸೀದ ವಾಸನೆ, ಪಕ್ಕದ ಮನೆಯವಳು ಕಿಟಕಿ ಹಾಕ್ಕೊಂಡಿದ್ದಾಳೆ. ನೀನು ಚೆನ್ನಾಗಿದೆ ಅಂತೀಯ. ಮದುವೆ ಆದಾಗಿಂದ ನನ್ನ ಗಂಜಿ ಚೆನ್ನಾಗಿದೆ ಅಂತ ನೀನು ಒಂದು ದಿನ ಹೇಳಿಲ್ಲ."

ಲಾಕಿ ಚಮಚ ಕೆಳಗಿಟ್ಟ. ಆಮೇಲೆ, "ಯಾರಿಗೂ ಹೇಳ್ಬೇಡ" ಅಂದ. ಸೆಂಗಾ ಮೂರು ಬೀದಿಗೆ ಸುದ್ದಿ ಹಂಚುವ ಹೆಂಗಸು, ಆದರೆ ಗಂಡನ ಆ ಮುಖ ನೋಡಿದ ಮೇಲೆ ಈ ಒಂದನ್ನು ಮಾತ್ರ ಹೊಟ್ಟೆಯಲ್ಲಿಟ್ಟುಕೊಂಡಳು.

ಬೇರೆಯವರಿಗೆ ಮೂಗು ಹೋದರೆ ಊಟ ರುಚಿಯಿಲ್ಲ ಅಂತ ಗೊಣಗಿಕೊಂಡು ಇದ್ದುಬಿಡಬಹುದು. ಲಾಕಿಯದು ಹಾಗಲ್ಲ. ಗುರುವಾರ ಬಂತೆಂದರೆ ಹನ್ನೊಂದು ಗಂಟೆಗೆ ಊರಿನ ಡಿಸ್ಟಿಲರಿಯ ಮೂರನೇ ಮಹಡಿಯ ಬಿಳಿ ಕೋಣೆಯಲ್ಲಿ ಐದು ಜನ ಕೂತು ಆ ವಾರ ಇಳಿಸಿದ ಹಸಿ ಮದ್ಯವನ್ನು ಮೂಸುತ್ತಾರೆ. ಕಂಪನಿಯ ಕಾಗದಗಳಲ್ಲಿ ಅದಕ್ಕೆ ಮಾರುದ್ದದ ಹೆಸರಿದೆ. ಕೆಲಸದವರ ಬಾಯಲ್ಲಿ ಅದು ಮೂಗು ಪಂಚಾಯ್ತಿ. ಅವತ್ತು ಬೆಳಿಗ್ಗೆ ಬೇಕನ್ ತಿನ್ನುವ ಹಾಗಿಲ್ಲ, ವಾಸನೆಯ ಸೋಪು ಹಚ್ಚುವ ಹಾಗಿಲ್ಲ, ಕೋಣೆಯೊಳಗೆ ಮಾತಾಡುವ ಹಾಗಿಲ್ಲ. ಬಣ್ಣ ಕಾಣದಂತೆ ನೀಲಿ ಗಾಜಿನ ಲೋಟ, ಮೇಲೊಂದು ಗಾಜಿನ ಬಿಲ್ಲೆ. ಬಿಲ್ಲೆ ಸರಿಸಬೇಕು, ಮೂಸಬೇಕು, ಚೀಟಿಯಲ್ಲಿ ಬರೆಯಬೇಕು. ಕುಡಿಯುವ ಹಾಗಂತೂ ಇಲ್ಲವೇ ಇಲ್ಲ. ಯಂತ್ರಗಳು ಎಷ್ಟೇ ಬಂದಿರಲಿ, ಆ ಐದು ಚೀಟಿ ಒಪ್ಪದೆ ಒಂದು ತೊಟ್ಟೂ ಪೀಪಾಯಿಗೆ ಇಳಿಯುವುದಿಲ್ಲ.

ಲಾಕಿ ನಲವತ್ತೊಂದು ವರ್ಷ ಅಲ್ಲಿ ಭಟ್ಟಿ ನೋಡಿಕೊಂಡವನು. ನಿವೃತ್ತನಾಗಿ ಆರು ವರ್ಷವಾದರೂ ಅವನ ಮೂಗಿಗೆ ನಿವೃತ್ತಿ ಕೊಟ್ಟಿರಲಿಲ್ಲ. ಗೇಟಿನವನು "ಬಾ ಲಾಕಿ" ಅಂದು ಅಡ್ಡಗಂಬ ಎತ್ತುವುದು, ಮೆಟ್ಟಿಲ ಮೇಲೆ ಸಿಕ್ಕವರು ಹವೆಯನ್ನು ಬೈಯುತ್ತ ಜೊತೆಗೆ ನಾಲ್ಕು ಹೆಜ್ಜೆ ಹಾಕುವುದು, ಬಿಳಿ ಕೋಟಿನ ಜೇಬಿನ ಮೇಲೆ ಪಿರಿ ಅಂತ ಹೊಲಿದಿರುವುದು, ಇಷ್ಟು ಅವನಿಗೆ ವಾರವಿಡೀ ಸಾಕಾಗುತ್ತಿತ್ತು. ಮೂಗು ಹೋಯಿತು ಅಂದರೆ ಆ ಕುರ್ಚಿ ಹೋಯಿತು. ಕುರ್ಚಿ ಹೋದರೆ ತಾನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಕಡಲಹಕ್ಕಿ ಎಣಿಸುವ ಮುದುಕರಲ್ಲಿ ಒಬ್ಬ ಅಂತ ಅವನು ತೀರ್ಮಾನಿಸಿಬಿಟ್ಟಿದ್ದ.

ಅದಕ್ಕೇ ಅವನು ಕದಿಯಲು ಶುರು ಮಾಡಿದ್ದು.

ಅವನ ಎಡಗಡೆ ಕೂರುತ್ತಿದ್ದವಳು ಐಸಾ ಮೆಲ್ಡ್ರಮ್. ಪೀಪಾಯಿ ತುಂಬುವ ಕೋಣೆಯಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತಳಾದವಳು, ಆ ಕೋಣೆಗೆ ಕಾಲಿಟ್ಟ ಮೊದಲ ಹೆಂಗಸು. ಬೆಣೆ ಕಿತ್ತ ತೂತಿಗೆ ಮೂಗಿಟ್ಟರೆ ಸಾಕು, ಪೀಪಾಯಿ ಎಷ್ಟು ಸಲ ತುಂಬಿ ಖಾಲಿಯಾಗಿದೆ ಅಂತ ಹೇಳುವಳು ಅನ್ನುವ ಹೆಸರು ಅವಳಿಗೆ. ಅಂಥವಳು ಪಕ್ಕದಲ್ಲಿರುವಾಗ ಭಯವೇನು ಅಂತ ಲಾಕಿ ಅವಳ ಚೀಟಿಯ ಮೇಲೊಂದು ಕಣ್ಣಿಟ್ಟ. ತಲೆ ತಿರುಗಿಸದೆ ಕಣ್ಣಷ್ಟೇ ಹೊರಳಿಸಿ ನೋಡುವುದು ಎರಡೇ ವಾರದಲ್ಲಿ ರೂಢಿಯಾಯಿತು. ಮೊದಲು ತಾನಾಗಿ "ಶುದ್ಧ" ಅಂತ ಬರೆಯುವುದು, ಅಷ್ಟಕ್ಕೇನೂ ಮೋಸವಿಲ್ಲ. ಐಸಾ ಮುಂದೆ ಏನು ಬರೆಯುತ್ತಾಳೋ ಕಾಯುವುದು. ಅದನ್ನು ಇಳಿಸಿಕೊಳ್ಳುವುದು. ಮನೆಗೆ ಬಂದು ತನ್ನ ಮೇಲೆ ತಾನೇ ಉರಿದುಕೊಳ್ಳುವುದು. ಮುಂದಿನ ಗುರುವಾರ ಮತ್ತೆ ಅದೇ.

ನಡುವೆ ಸೆಂಗಾಳ ತಮ್ಮ ಫೆರ್ಗಸ್ ಬಂದು ಹೋದ. ಅವನು ಉತ್ತರದ ಸ್ಪೇ ನದಿಯ ಕಡೆ ಮಾಲ್ಟ್ ವಿಸ್ಕಿ ಮಾಡುವ ಪುಟ್ಟ ಡಿಸ್ಟಿಲರಿಯೊಂದರಲ್ಲಿ ಕೆಲಸದಲ್ಲಿದ್ದವನು. ಅವನ ಕಣ್ಣಿಗೆ ಬಾರ್ಲಿ, ತಾಮ್ರದ ಹಂಡೆ, ಬೆಟ್ಟದ ಝರಿ ಇವಿಷ್ಟು ಇದ್ದರೆ ಮಾತ್ರ ವಿಸ್ಕಿ. ಬಾಲ್‌ಕೆರ್ನಿಯಲ್ಲಿ ಅದಾವುದೂ ಇಲ್ಲ. ಲಾರಿಗಟ್ಟಲೆ ಗೋಧಿ ಬರುತ್ತದೆ, ಬೇಯುತ್ತದೆ, ಹುದುಗುತ್ತದೆ, ಮೂರು ಮಹಡಿ ಎತ್ತರದ ಕಂಬದಂಥ ಭಟ್ಟಿಯಲ್ಲಿ ಹತ್ತಿ ಹಗಲೂ ರಾತ್ರಿ ನಿಲ್ಲದೆ ಇಳಿಯುತ್ತದೆ. ಇಳಿದದ್ದರಲ್ಲಿ ಬಹುಪಾಲು ಹೆಸರಿಲ್ಲದೆ ಬೇರೆಯವರ ಬಾಟಲಿಗೆ ಬೆರಕೆಯಾಗಿ ಹೋಗುತ್ತದೆ. ಮೂರು ವರ್ಷದಿಂದೀಚೆಗೆ ಮಾತ್ರ ಕಂಪನಿಗೆ ಅದೇನು ಬುದ್ಧಿ ಬಂತೋ, ಸ್ವಲ್ಪವನ್ನು ಬೇರೆಯದರ ಜೊತೆ ಬೆರೆಸದೆ, ತನ್ನದೇ ಹೆಸರಲ್ಲಿ ಸಿಂಗಲ್ ಗ್ರೇನ್ ವಿಸ್ಕಿ ಅಂತ ತುಂಬಿ ಮಾರುತ್ತಿತ್ತು. ಸೂಪರ್‌ಮಾರ್ಕೆಟ್ಟಿನ ಕೆಳಗಿನ ಹಲಗೆಯಲ್ಲಿ, ಇಪ್ಪತ್ತು ಪೌಂಡಿಗೆ, ಯಾರ ಮುಲಾಜೂ ಇಲ್ಲದೆ ಕೂತಿರುತ್ತಿತ್ತು.

"ಕುಡಿ ಭಾವ," ಅಂತ ಫೆರ್ಗಸ್ ದ್ವೀಪದ ಕಡೆಯ ದುಬಾರಿ ಹೊಗೆ ವಿಸ್ಕಿಯನ್ನು ಬಗ್ಗಿಸಿದ. "ಇದು ವಿಸ್ಕಿ. ನಿಮ್ಮ ಗೋಧಿ ಗಂಜಿ ಅಲ್ಲ. ಹೊಗೆ, ಉಪ್ಪು, ಆಸ್ಪತ್ರೆ, ಎಲ್ಲಾ ಒಟ್ಟಿಗೆ ಬರ್ತಿದೆಯಲ್ಲ?"

ಲಾಕಿಗೆ ಬಂದದ್ದು ಉರಿ ಒಂದೇ. ಗಂಟಲಿಗೆ ಕೆಂಡ ಬಿದ್ದ ಹಾಗಾಗಿ ಕಣ್ಣಲ್ಲಿ ನೀರು ಬಂತು.

"ಬಂತು, ಬಂತು," ಅಂದ.

"ನೋಡಿದ್ಯಾ, ಭಾವನಿಗೆ ಕಣ್ಣೀರೇ ಬಂತು," ಅಂತ ಫೆರ್ಗಸ್ ಬೀಗಿದ. ಸೆಂಗಾ ಎದ್ದುಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದಳು.

ಗುಟ್ಟು ರಟ್ಟಾದದ್ದು ಮಾರ್ಚ್ ತಿಂಗಳ ಎರಡನೇ ಗುರುವಾರ. ಅವತ್ತು ಐದು ಲೋಟ ಇದ್ದವು. ಮೂರನೆಯದರ ಬಿಲ್ಲೆ ಸರಿಸಿ ಮೂಸಿದಾಗ ಲಾಕಿಗೆ ಏನೋ ಇಲ್ಲ ಅನ್ನಿಸಿತು. ವಾಸನೆ ಹೇಗೂ ಇರಲಿಲ್ಲ, ಆದರೆ ಮದ್ಯ ಅಂದಮೇಲೆ ಮೂಗಿನೊಳಗೆ ಸೂಜಿಮೊನೆಯಷ್ಟು ಚುರುಕು ಇರುತ್ತದೆ. ಅದೂ ಇರಲಿಲ್ಲ. "ಶುದ್ಧ, ಸಿಹಿ" ಅಂತ ಬರೆದು ಐಸಾಳ ಚೀಟಿಯತ್ತ ಕಣ್ಣು ಹೊರಳಿಸಿದ. ಅವಳು "ಶುದ್ಧ, ಸಿಹಿ, ಬೆಂದ ಗೋಧಿ, ಕೊನೆಯಲ್ಲಿ ನಿಂಬೆ" ಅಂತ ಬರೆದಿದ್ದಳು. ಐಸಾಗೆ ನಿಂಬೆ ಬಂದಿದೆ ಅಂದರೆ ನಿಂಬೆ ಇದ್ದೇ ಇರಬೇಕು, ನನ್ನ ಮೂಗಿಗೆ ಚುರುಕನ್ನು ತಿಳಿಯುವ ಶಕ್ತಿಯೂ ಹೋಗಿದೆ ಅಂತ ಅವನು ಹಾಗೇ ಇಳಿಸಿಕೊಂಡ.

ಚೀಟಿ ಒಟ್ಟು ಮಾಡುವವಳು ಶೋನಾ, ಆ ಕೋಣೆಯ ಮೇಲ್ವಿಚಾರಕಿ. ಮೂವತ್ತರ ಹುಡುಗಿ, ವಿಶ್ವವಿದ್ಯಾಲಯದಲ್ಲಿ ವಾಸನೆಯನ್ನೇ ಓದಿ ಬಂದವಳು, ಮಾತು ಕಡಿಮೆ. ಚೀಟಿಗಳನ್ನು ಒಂದು ಸಲ ನೋಡಿದಳು, ಇನ್ನೊಂದು ಸಲ ನೋಡಿದಳು.

"ಲಾಕಿ, ಐಸಾ, ನೀವಿಬ್ರೂ ಒಂದು ನಿಮಿಷ ಇರಿ."

ಉಳಿದ ಮೂವರು ಕೋಟು ಕಳಚಿ ಹೋದರು. ಶೋನಾ ಮೂರನೇ ಲೋಟವನ್ನು ಇಬ್ಬರ ನಡುವೆ ಇಟ್ಟಳು.

"ಆಗಾಗ ಒಂದು ಸುಳ್ಳು ಲೋಟ ಇಡ್ತೀವಿ, ನಿಮಗೇ ಗೊತ್ತು. ಇವತ್ತು ಇದರಲ್ಲಿ ಇದ್ದದ್ದು ನಲ್ಲಿ ನೀರು. ಮಿಕ್ಕ ಮೂವರು ನೀರು ಅಂತ ಬರೆದಿದ್ದಾರೆ. ನಿಮ್ಮಿಬ್ರ ಚೀಟೀಲಿ ನಿಂಬೆ ಇದೆ. ನಲ್ಲಿ ನೀರಿಗೆ ನಿಂಬೆ ಎಲ್ಲಿಂದ ಬಂತು?"

ಲಾಕಿಯ ಕಿವಿ ಬಿಸಿಯಾಯಿತು. ಆದರೂ ಒಂದು ಮಾತು ಅವನ ಪರವಾಗಿ ಹೇಳಬೇಕು, ಅವನು ಕ್ಷಣವೂ ತಡಮಾಡಲಿಲ್ಲ. "ಐಸಾದು ತಪ್ಪಿಲ್ಲ. ಅವಳಿಗೆ ಏನೋ ಒಂದು ದಿನ ಎಡವಟ್ಟಾಗಿರಬೇಕು. ಕಳ್ಳ ನಾನು. ಜನವರಿಯಿಂದ ನನಗೆ ಏನೂ ವಾಸನೆ ಬರ್ತಿಲ್ಲ. ಅವಳ ಚೀಟಿ ನೋಡಿ ಬರೀತಿದ್ದೆ."

ಐಸಾ ಅವನತ್ತ ಪೂರ್ತಿ ತಿರುಗಿದಳು. "ನನ್ನ ಚೀಟಿ ನೋಡಿ ಬರೀತಿದ್ಯಾ?"

"ಹೂಂ."

"ಏಳು ವಾರದಿಂದ?"

"ಹೂಂ, ಐಸಾ. ತಪ್ಪಾಯ್ತು."

"ಅಯ್ಯೋ ಪೆದ್ದು ಮುಂಡೇದೇ," ಅಂದಳು ಐಸಾ, ತೀರ ಮೆಲ್ಲಗೆ. "ನಾನು ನಿನ್ನ ಚೀಟಿ ನೋಡಿ ಬರೀತಿದ್ದೆ ಕಣೋ."

ಆ ಜ್ವರ ಅವಳನ್ನೂ ಬಿಟ್ಟಿರಲಿಲ್ಲ. ಲಾಕಿ ನಲವತ್ತೊಂದು ವರ್ಷದ ಭಟ್ಟಿಯವನು, ಅವನು ಪಕ್ಕದಲ್ಲಿರುವಾಗ ಭಯವೇನು ಅಂತ ಅವಳೂ ಅಂದುಕೊಂಡಿದ್ದಳು. ಅವನು ಶುದ್ಧ ಅಂತ ಬರೆದರೆ ಇವಳೂ ಶುದ್ಧ. ಬರೀ ಅಷ್ಟೇ ಬರೆದರೆ ಅನುಮಾನ ಬಂದೀತೆಂದು ಒಂದೆರಡು ಹಳೆಯ ನೆನಪಿನ ವಾಸನೆ ಸೇರಿಸುವುದು. ಅದನ್ನು ಅವನು ಇಳಿಸಿಕೊಂಡಾಗ, ಸದ್ಯ ಲಾಕಿಗೂ ಹಾಗೇ ಬಂದಿದೆ ಅಂತ ಸಮಾಧಾನಪಡುವುದು. ಇಬ್ಬರು ಕುರುಡರು ಒಬ್ಬರ ಭುಜ ಒಬ್ಬರು ಹಿಡಿದು ಏಳು ವಾರ ರಸ್ತೆ ದಾಟಿದ್ದರು.

"ಹಾಗಾದ್ರೆ ನಿಂಬೆ?" ಅಂತ ಲಾಕಿ ಕೇಳಿದ.

"ನಂದೇ. ಬಾಯಿಗೆ ಬಂದದ್ದು ಬರೆದೆ."

ಮೊದಲು ಕಿಸಕ್ಕೆಂದವಳು ಶೋನಾ. ಆಮೇಲೆ ಐಸಾಗೆ ನಗು ಹತ್ತಿತು, ನಗುತ್ತಲೇ ಅತ್ತಳು. ಲಾಕಿಗೂ ಅದೇ ಆಯಿತು. ಹನ್ನೊಂದೂವರೆ ಗಂಟೆಯ ಹಗಲಿನಲ್ಲಿ ಬಿಳಿ ಕೋಟು ಹಾಕಿಕೊಂಡ ಇಬ್ಬರು ಮುದಿಜೀವಗಳು ಒಂದು ಲೋಟ ನಲ್ಲಿ ನೀರಿನ ಮುಂದೆ ಬಿಕ್ಕುತ್ತ ಕೂತಿದ್ದರು.

ನಗು ಇಳಿದ ಮೇಲೆ ಶೋನಾ ನೇರವಾಗಿ ಹೇಳಿದಳು. "ಉಳಿದ ಮೂರು ಮೂಗು ಸರಿಯಿದ್ದದ್ದಕ್ಕೆ ಬಚಾವಾದ್ವಿ. ಕೆಟ್ಟದ್ದೇನಾದ್ರೂ ಪೀಪಾಯಿಗೆ ಇಳಿದಿದ್ರೆ ಹತ್ತು ವರ್ಷ ಆದ್ಮೇಲೆ ಗೊತ್ತಾಗ್ತಿತ್ತು. ನಿಮ್ಮ ಕುರ್ಚಿ ಬೇರೆಯವರಿಗೆ ಕೊಡೋಕೆ ನನಗೆ ಮನಸ್ಸಿಲ್ಲ, ಹಾಗಂತ ಸುಮ್ನೆ ಇಡೋಕೂ ಆಗಲ್ಲ. ಜೂನ್ ಮೊದಲ ಗುರುವಾರ ಬನ್ನಿ. ಐದು ಸುತ್ತು. ಸುತ್ತಿಗೆ ಮೂರು ಲೋಟ, ಎರಡು ಒಂದೇ, ಒಂದು ಬೇರೆ. ಬೇರೆಯದನ್ನ ಹಿಡೀಬೇಕು. ನಾಲ್ಕು ಸರಿಯಾದ್ರೆ ಕುರ್ಚಿ ನಿಮ್ಮದು. ಅಲ್ಲೀವರೆಗೆ ರಜೆ."

ಬೀರು ತೆಗೆದು ಒಂದು ಬಾಟಲಿ ತಂದಿಟ್ಟಳು. ಅದೇ ಕೆಳಗಿನ ಹಲಗೆಯ ಸಿಂಗಲ್ ಗ್ರೇನ್.

"ದಿನಾ ಒಂದೇ ಹೊತ್ತಿಗೆ, ಒಂದೇ ವಾಸನೆ, ಹೆಸರು ಹೇಳಿಕೊಂಡು ಮೂಸಬೇಕು. ಮೂಗಿಗೆ ಮರೆತುಹೋದ ಪಾಠ ಮತ್ತೆ ಹೇಳಿಕೊಡೋದು ಅಂದ್ಕೊಳ್ಳಿ. ಹೊಗೆ ವಿಸ್ಕಿ ಮುಟ್ಬೇಡಿ, ಅದು ಬರೀ ಉರಿಸತ್ತೆ. ಇದು ಮೆತ್ತಗಿದೆ. ಅದಕ್ಕಿಂತ ಹೆಚ್ಚಾಗಿ, ಇದರ ಒಳಗೆ ಏನೇನಿದೆ ಅಂತ ನಿಮ್ಮಿಬ್ರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ."

"ಬಯ್ಯೋದು ಬಿಟ್ಟು ಬಾಟಲಿ ಕೊಡ್ತಿದ್ದೀಯಲ್ಲ ಮಗೂ," ಅಂದಳು ಐಸಾ. "ನಿನ್ನ ಹೊಟ್ಟೆ ತಣ್ಣಗಿರಲಿ."

ಮರುದಿನದಿಂದ ಪಂಚಾಯ್ತಿ ಲಾಕಿಯ ಅಡುಗೆಮನೆಗೆ ಬಂತು. ಹನ್ನೊಂದು ಹೊಡೆಯುವ ಹೊತ್ತಿಗೆ ಐಸಾ ಹಿತ್ತಲ ಬಾಗಿಲಿನಿಂದ ಬರುವಳು. ಸೆಂಗಾ ಎರಡು ಗಾಜಿನ ಲೋಟ, ಒಂದು ಹೂಜಿ ನೀರು, ಎರಡು ಬೆಣ್ಣೆ ಬಿಸ್ಕತ್ತು ಇಡುವಳು. ಬೆರಳಗಲ ವಿಸ್ಕಿ, ಅಷ್ಟೇ ನೀರು. ಅಂಗೈಯಲ್ಲಿ ಲೋಟ ಬೆಚ್ಚಗೆ ಮಾಡಿಕೊಂಡು ಇಬ್ಬರೂ ಮೂಗಿಡುವರು. ಬರುತ್ತಿದ್ದದ್ದು ಸೊನ್ನೆ. ಬಾರದ್ದನ್ನು ನೆನಪಿನಿಂದ ತೆಗೆದು ಒಬ್ಬರಿಗೊಬ್ಬರು ಹೇಳಬೇಕು, ಅದು ಐಸಾ ಮಾಡಿದ ಕಾನೂನು.

"ಮೊದ್ಲು ಕಸ್ಟರ್ಡ್," ಅನ್ನುವನು ಲಾಕಿ. "ಶಾಲೇಲಿ ಬುಧವಾರ ಕೊಡ್ತಿದ್ರಲ್ಲ, ಮೇಲೆ ಕೆನೆ ಕಟ್ಟಿದ್ದು."

"ಸರಿ. ಮುಂದೆ?"

"ಬಾಳೆಹಣ್ಣು. ಮಾಗಿ ಚುಕ್ಕೆ ಬಿದ್ದದ್ದು. ಆಮೇಲೆ ಒಣ ಹುಲ್ಲು. ಮುಗೀತು."

"ಅವಸರ ಎಷ್ಟು ನಿಂಗೆ. ಕೊಬ್ಬರಿ ಎಲ್ಲಿ? ನೀರು ಬಿದ್ದ ಮೇಲೆ ಎರಡು ನಿಮಿಷ ಬಿಡ್ಬೇಕು, ಕೊಬ್ಬರಿ ಕೊನೆಗೆ ಬರತ್ತೆ. ಅಮೆರಿಕದಿಂದ ಖಾಲಿ ಪೀಪಾಯಿ ಬಂದು ಬೆಣೆ ಕಿತ್ತಾಗ ಕೋಣೆಯೆಲ್ಲ ಅದೇ. ಸಂಜೆ ಮನೆಗೆ ಹೋದ್ರೆ ನಮ್ಮಮ್ಮ ಕೇಳ್ತಿದ್ಲು, ಮಿಠಾಯಿ ಅಂಗಡೀಲಿ ಕೆಲಸಕ್ಕೆ ಸೇರಿದ್ಯೇನೇ ಅಂತ."

ಹೇಳಿಯಾದ ಮೇಲೆ ಕುಡಿಯುವುದು. ಮೂಗು ಸತ್ತರೂ ನಾಲಿಗೆ ಬದುಕಿತ್ತು. ನಾಲಿಗೆಯ ತುದಿಗೆ ಸಿಹಿ ಹತ್ತುತ್ತಿತ್ತು, ಆಮೇಲೆ ಎಣ್ಣೆಯಂಥ ನುಣುಪು, ಆಮೇಲೆ ಎದೆಯೊಳಗೆ ನಿಧಾನಕ್ಕೆ ಹರಡುವ ಬಿಸುಪು. ಅದು ಯಾರನ್ನೂ ಹೆದರಿಸುವ ವಿಸ್ಕಿಯಾಗಿರಲಿಲ್ಲ. ನಲವತ್ತೊಂದು ವರ್ಷ ಕಣ್ಣೆದುರು ಹೊಳೆಯಂತೆ ಹರಿದದ್ದನ್ನು ಒಂದು ದಿನವಾದರೂ ಹೀಗೆ ಎದುರಿಗೆ ಕೂರಿಸಿಕೊಂಡು ಮಾತಾಡಿಸಿರಲಿಲ್ಲವಲ್ಲ ಅಂತ ಲಾಕಿಗೆ ನಾಚಿಕೆಯಾಯಿತು. ಹಿಂದಿನ ಕಾಲದಲ್ಲಿ ಪಾಳಿ ಮುಗಿದಾಗ ಮ್ಯಾನೇಜರು ಹಸುವಿನ ಕೊಂಬಿನ ಬಟ್ಟಲಿನಲ್ಲಿ ಬಿಳಿ ಹಸಿ ಮದ್ಯ ಅಳೆದು ಕೊಡುತ್ತಿದ್ದರು. ಅದನ್ನು ಗಟಕ್ಕನೆ ಇಳಿಸಿ ಬಾಯಿ ಒರೆಸಿಕೊಂಡು ಹೋಗುವುದಷ್ಟೇ ಅವರಿಗೆ ಗೊತ್ತಿತ್ತು. ಹಬ್ಬಕ್ಕೋ ಮದುವೆಗೋ ಕುಡಿಯುವಾಗ ಫೆರ್ಗಸ್ ಮೂಗು ಮುರಿದಾನೆಂದು ಮಾಲ್ಟ್ ತರಿಸುತ್ತಿದ್ದರು. ತಾನು ಮಾಡಿದ್ದರ ರುಚಿಯನ್ನು ಅವನು ಈ ಅರವತ್ತೇಳರಲ್ಲಿ, ಅರ್ಧ ರುಚಿಯೇ ಇಲ್ಲದ ಬಾಯಲ್ಲಿ, ಮೊದಲ ಸಲ ನೋಡುತ್ತಿದ್ದ.

"ಬೆಳಗಾಗೆದ್ದು ಕುಡಿಯೋಕೆ ಇದೊಂದು ನೆಪ," ಅನ್ನುವಳು ಸೆಂಗಾ, ಬಿಸ್ಕತ್ತಿನ ತಟ್ಟೆ ತುಂಬುತ್ತ. "ಶೋನಾ ಡಾಕ್ಟರ ಚೀಟಿಯೂ ಉಂಟು."

"ನಿನಗೂ ಒಂದು ಹನಿ ಹಾಕ್ಲಾ?"

"ನನ್ನ ಮೂಗು ಸರಿಯಾಗಿದೆಯಪ್ಪ. ನಿನ್ನ ಸಾಕ್ಸು ದಿನಾ ನೆನಪಿಸತ್ತೆ."

ಏಪ್ರಿಲ್ ಹೋಯಿತು. ಬಾಟಲಿ ಒಂದರ ಹಿಂದೆ ಇನ್ನೊಂದು ಬಂತು. ಮೇ ತಿಂಗಳ ಎರಡನೇ ವಾರ, ಬೆಳಿಗ್ಗೆ ಏಳಕ್ಕೆ, ಲಾಕಿ ಕಸದ ಡಬ್ಬಿಯನ್ನು ಬೀದಿಗೆ ತಳ್ಳಿಕೊಂಡು ಬಂದವನು ಹಾಗೇ ನಿಂತುಬಿಟ್ಟ. ಡಿಸ್ಟಿಲರಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಅದರಲ್ಲಿ ಬೇಯುತ್ತಿರುವ ಗೋಧಿ ಇತ್ತು. ದಪ್ಪಗೆ, ಬೆಚ್ಚಗೆ, ಒಲೆಯ ಮೇಲಿಂದ ಆಗಷ್ಟೇ ಇಳಿಸಿದ ಗಂಜಿಯ ಹಾಗೆ. ಬೇರೆ ಊರಿನವರು ಬಸ್ಸಿಳಿದ ತಕ್ಷಣ ಮುಖ ಸಿಂಡರಿಸುವ ವಾಸನೆ ಅದು. ಹುಟ್ಟಿದಾಗಿನಿಂದ ಬಾಲ್‌ಕೆರ್ನಿಯ ಮಕ್ಕಳ ಬಟ್ಟೆಗೆ ಅಂಟಿಕೊಂಡಿರುವ ವಾಸನೆ. ಲಾಕಿ ಡಬ್ಬಿಯ ಹಿಡಿಕೆ ಹಿಡಿದುಕೊಂಡು ಕಣ್ಣು ಮುಚ್ಚಿ ಉಸಿರೆಳೆದ, ಬಿಟ್ಟ, ಮತ್ತೆ ಎಳೆದ. ಯಾರಿಗೆ ಅಂತ ಗೊತ್ತಿಲ್ಲದೆ ಗಟ್ಟಿಯಾಗಿ "ಥ್ಯಾಂಕ್ಸ್" ಅಂದ. ಎದುರು ಮನೆಯವಳು ಪರದೆ ಸರಿಸಿ ನೋಡಿದಳು.

ಐಸಾಗೆ ಹೇಳಬೇಕೆಂದು ಮನೆಯೊಳಗಿನ ಚಪ್ಪಲಿಯಲ್ಲೇ ಅರ್ಧ ಬೀದಿ ನಡೆದ. ಅರ್ಧದಲ್ಲಿ ಅವನ ಕಾಲು ನಿಂತಿತು. ಅವಳಿಗೂ ಬಂದಿದ್ದರೆ ಅವಳು ಇಷ್ಟು ಹೊತ್ತಿಗೆ ಬಾಗಿಲು ಬಡಿದಿರುತ್ತಿದ್ದಳು. ಅವನು ಮನೆಗೆ ವಾಪಸಾದ.

ಅವತ್ತು ಹನ್ನೊಂದಕ್ಕೆ ಲೋಟಕ್ಕೆ ಮೂಗಿಟ್ಟಾಗ ಕಸ್ಟರ್ಡ್ ಎದ್ದು ಬಂತು, ಬಾಳೆಹಣ್ಣು ಬಂತು. ಲಾಕಿ ಮುಖವನ್ನು ಕಲ್ಲು ಮಾಡಿಕೊಂಡು, "ಊಹೂಂ, ಏನೂ ಇಲ್ಲ," ಅಂದ. ಏಳು ವಾರ ವಾಸನೆ ಬರುತ್ತದೆಂದು ಸುಳ್ಳು ಹೇಳಿದವನು ಈಗ ಬರುವುದಿಲ್ಲವೆಂದು ಸುಳ್ಳು ಹೇಳತೊಡಗಿದ. ಮೊದಲ ಸುಳ್ಳು ಹೆದರಿಕೆಯದು, ಇದು ಹಾಗಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸುಳ್ಳು ನಡೆದದ್ದು ನಾಲ್ಕೇ ದಿನ.

ಐದನೇ ದಿನ ಐಸಾ ತನ್ನ ಲೋಟವನ್ನು ಕೆಳಗಿಟ್ಟು, "ಯಾವಾಗ ಬಂತು?" ಅಂತ ಕೇಳಿದಳು.

"ಏನು?"

"ನನ್ನ ಹತ್ರ ಬೇಡ. ಚೀಟಿ ಒಂದೇ ಅಲ್ಲ, ಏಳು ವಾರ ನಿನ್ನ ಮುಖಾನೂ ನೋಡಿ ಬರೆದವಳು ನಾನು. ವಾಸನೆ ಸಿಕ್ಕಿದ ಮುಖ ಯಾವುದು, ಸಿಗದ ಮುಖ ಯಾವುದು ಅಂತ ಗೊತ್ತಾಗಲ್ವಾ?"

ಒಲೆಯ ಹತ್ತಿರ ನಿಂತಿದ್ದ ಸೆಂಗಾ ತಿರುಗಿ ನೋಡಿದಳು. "ಇವತ್ತು ಬೆಳಿಗ್ಗೆ ಗಂಜಿ ಸೀದಿದೆ ಅಂತ ನನ್ನ ಮೇಲೆ ರೇಗಿದ. ನಾನೂ ಅಂದ್ಕೊಂಡೆ, ಇವನಿಗೆ ಗುಣ ಆಯ್ತಲ್ಲ ಅಂತ."

ಲಾಕಿಗೆ ತಲೆ ಎತ್ತಲು ಆಗಲಿಲ್ಲ. "ನಿನಗೂ ಬರಲಿ, ಒಟ್ಟಿಗೆ ಹೇಳೋಣ ಅಂತಿದ್ದೆ."

"ನನಗೆ ಬರದೇ ಇದ್ರೆ?"

ಐಸಾ ಬಿಸ್ಕತ್ತನ್ನು ಎರಡು ಮಾಡಿ ಒಂದು ತುಂಡನ್ನು ಅವನ ತಟ್ಟೆಗೆ ಹಾಕಿದಳು.

"ಹೊಟ್ಟೆ ಉರೀತಿಲ್ಲ ಅಂದ್ರೆ ಸುಳ್ಳಾಗತ್ತೆ. ಉರೀತಿದೆ. ಆದ್ರೆ ಇಬ್ರಲ್ಲಿ ಒಬ್ರಿಗಾದ್ರೂ ಬಂತಲ್ಲ, ಅದು ನಿಜವಾಗ್ಲೂ ಖುಷಿ ಕಣೋ. ಈಗ ಮುಚ್ಕೊಂಡು ಅಭ್ಯಾಸ ಮಾಡು. ಪರೀಕ್ಷೆಗೆ ಹದಿನೆಂಟೇ ದಿನ ಇದೆ."

ಆ ಹದಿನೆಂಟು ದಿನ ಐಸಾ ಅವನನ್ನು ಬಿಡಲಿಲ್ಲ. ಸೆಂಗಾಳ ಮೂಗನ್ನು ಸಾಕ್ಷಿ ಮಾಡಿಕೊಂಡು ಮೂರು ಲೋಟ ಹೂಡುವಳು, ಒಂದಕ್ಕೆ ಮಾತ್ರ ಒಂದು ಚಮಚ ಹೆಚ್ಚು ನೀರು ಬೆರೆಸುವಳು. ಲಾಕಿ ತಪ್ಪಿದರೆ, "ಅವಸರ," ಅನ್ನುವಳು. ಸರಿಯಾಗಿ ಹೇಳಿದರೂ, "ಅವಸರ, ಏನೋ ಅದೃಷ್ಟ," ಅನ್ನುವಳು. ತನ್ನ ಲೋಟಕ್ಕೂ ದಿನವೂ ಮೂಗಿಡುವಳು, ತಲೆಯಾಡಿಸುವಳು, ಕುಡಿಯುವಳು. ಅವಳಿಗೆ ಬರಲೇ ಇಲ್ಲ.

ಜೂನ್ ಮೊದಲ ಗುರುವಾರ ಇಬ್ಬರೂ ಒಟ್ಟಿಗೆ ಗೇಟಿಗೆ ಹೋದರು. ಮೂರನೇ ಮಹಡಿಯಲ್ಲಿ ಐಸಾ ಮಡಚಿ ಇಸ್ತ್ರಿ ಮಾಡಿದ ಬಿಳಿ ಕೋಟನ್ನು ಶೋನಾಳ ಕೈಗೆ ಕೊಟ್ಟಳು. "ನಾನು ಪರೀಕ್ಷೆಗೆ ಕೂರಲ್ಲ ಮಗೂ. ನಲ್ಲಿ ನೀರಿಗೆ ನಿಂಬೆ ಹಿಂಡಿದ್ದು ಒಂದು ಸಲ ಸಾಕು. ಮೂವತ್ತೆಂಟು ವರ್ಷ ನನ್ನನ್ನ ಈ ಜಾಗ ಚೆನ್ನಾಗಿ ನೋಡ್ಕೊಂಡಿದೆ." ಶೋನಾ ಕೋಟನ್ನು ಇಸಕೊಂಡು ಅವಳನ್ನು ತಬ್ಬಿದಳು. ಐಸಾ ಕೆಳಗಿಳಿದು ಹೋಗಿ ಗೋದಾಮಿನ ಮುಂದಿನ ಗಿಡ್ಡ ಗೋಡೆಯ ಮೇಲೆ ಕೂತಳು. ಪೀಪಾಯಿಗಳಿಂದ ಆವಿಯಾಗಿ ಹೋಗುವ ಮದ್ಯ ತಿಂದೇ ಬೆಳೆಯುವ ಬೂಷ್ಟಿನಿಂದ ಆ ಗೋದಾಮಿನ ಗೋಡೆಗಳೆಲ್ಲ ಮಸಿಯಾಗಿವೆ, ಊರಿನವರು ಯಾರೂ ಬಿಳಿ ಬಟ್ಟೆಯಲ್ಲಿ ಅವಕ್ಕೆ ಒರಗುವುದಿಲ್ಲ.

ಮುಕ್ಕಾಲು ಗಂಟೆಯ ಮೇಲೆ ಲಾಕಿ ಬಂದ.

"ಎಷ್ಟು?"

"ನಾಲ್ಕು."

"ಕುರ್ಚಿ ಉಳೀತು. ಇನ್ನೊಂದು ಯಾಕೆ ಹೋಯ್ತು?"

"ಕೊನೇ ಸುತ್ತು. ಅವಸರ ಮಾಡಿದೆ."

"ಅದೇ ನಿನ್ನ ರೋಗ," ಅಂದು ಐಸಾ ಗೋಡೆಯಿಂದಿಳಿದಳು. ಅವಳ ಪಾವಡೆಯ ಹಿಂದೆಲ್ಲ ಮಸಿಯಾಗಿತ್ತು. ಲಾಕಿ ಅದನ್ನು ಕರವಸ್ತ್ರದಲ್ಲಿ ಒರೆಸಲು ಹೋಗಿ ಇನ್ನಷ್ಟು ಹರಡಿದ. ಅವಳ ಮನೆಯ ತಿರುವು ಬಂದಾಗ ನಿಂತು ಹೇಳಿದ.

"ಐಸಾ, ನೀನಿಲ್ಲದೇ ಹೋಗಿದ್ರೆ ನಾನು ಮೊದಲನೇ ವಾರಾನೇ ಬಿಟ್ಟುಬಿಡ್ತಿದ್ದೆ. ದಿನಾ ಹನ್ನೊಂದಕ್ಕೆ ಬಂದ್ಯಲ್ಲ, ಅದಕ್ಕೆ ಇದೆಲ್ಲ ಆದದ್ದು. ಈ ಕುರ್ಚಿ ಅರ್ಧ ನಿಂದು. ನಾಳೆಯಿಂದ ಬರಲ್ಲ ಅಂತ ಮಾತ್ರ ಅನ್ಬೇಡ."

"ನಾಳೆ ಯಾಕೆ? ಹನ್ನೊಂದು ಹೊಡೆದು ಎಷ್ಟೊತ್ತಾಯ್ತು, ಇವತ್ತಿಂದು ಇನ್ನೂ ಆಗಿಲ್ಲ. ನಡಿ."

ಅಡುಗೆಮನೆಯಲ್ಲಿ ಸೆಂಗಾ ಲೋಟಗಳನ್ನು ಆಗಲೇ ಇಟ್ಟಿದ್ದಳು, ಮೂರು. ನಾಲ್ಕು ಸರಿಯಾದ ಸುದ್ದಿ ಅವಳಿಗೆ ಇವರು ಬರುವ ಮೊದಲೇ ಬೀದಿಯಲ್ಲಿ ಸಿಕ್ಕಿತ್ತು. "ಇವತ್ತು ನನಗೂ ಹಾಕು," ಅಂದಳು. ಲಾಕಿ ಬೆರಳಗಲ ಬಗ್ಗಿಸಿ ನೀರು ಬೆರೆಸಿದ. ಕಿಟಕಿಯ ಬಿಸಿಲಿಗೆ ಅದು ತಿಳಿಯಾದ ಒಣಹುಲ್ಲಿನ ಬಣ್ಣದಲ್ಲಿತ್ತು.

ಐಸಾ ಕಣ್ಣು ಮುಚ್ಚಿ ಕೂತಳು. "ಹೇಳು. ನನಗೂ ಕೇಳಿಸಲಿ."

ಲಾಕಿ ಮೂಗಿಟ್ಟ. "ಕಸ್ಟರ್ಡ್," ಅಂದ. "ಇವತ್ತು ದಪ್ಪಗಿದೆ. ಬಾಳೆಹಣ್ಣು. ನಿಂಬೆ."

"ನಿಂಬೆ ನಿಜವಾಗ್ಲೂ ಇದೆಯಾ?"

"ಸತ್ಯವಾಗ್ಲೂ. ಸಿಪ್ಪೆ ಮುರಿದ ಹಾಗೆ. ಆಮೇಲೆ ಒಣ ಹುಲ್ಲು, ಸ್ವಲ್ಪ ಹಾಲು ಮಿಠಾಯಿ. ಅಷ್ಟೇ."

"ಕೊಬ್ಬರಿ ಬಿಟ್ಟೆ."

ಲಾಕಿ ಮತ್ತೆ ಮೂಸಿದ. "ಇಲ್ಲ ಕಣೇ. ಈ ಬಾಟಲೀಲಿ ಕೊಬ್ಬರಿ ಇಲ್ಲ."

"ಅವಸರ ಮಾಡ್ಬೇಡ. ಮುಚ್ಚಿಟ್ಟು ನೋಡು."

ಅವನು ಲೋಟದ ಬಾಯಿಗೆ ಅಂಗೈ ಮುಚ್ಚಿ ಕೂತ. ಗೋಡೆಯ ಗಡಿಯಾರ ಎರಡು ನಿಮಿಷ ದಾಟಿತು. ಕೈ ತೆಗೆದು ಮೂಗಿಟ್ಟಾಗ, ಹುಲ್ಲಿನ ಹಿಂದೆ, ಮಿಠಾಯಿಯ ಹಿಂದೆ, ಆಗಷ್ಟೇ ತುರಿದ ಒಣಕೊಬ್ಬರಿ ಇತ್ತು. ತಪ್ಪುವ ಹಾಗೇ ಇರಲಿಲ್ಲ.

"ಇದೆ," ಅಂದ ಲಾಕಿ. "ಐಸಾ, ನಿನಗೆ ಬಂತಾ? ನಿಜ ಹೇಳು, ಬಂತಾ?"

"ಇಲ್ಲ."

"ಮತ್ತೆ ಹೇಗೆ ಹೇಳಿದೆ?"

"ಆ ಪೀಪಾಯಿಗಳನ್ನ ತುಂಬಿದವಳು ನಾನಲ್ವೇನೋ. ನಾನೇ ಒಳಗೆ ಬಿಟ್ಟು ಬೆಣೆ ಹೊಡೆದಿದ್ದೀನಿ. ಎಲ್ಲಿಗೆ ಹೋಗತ್ತೆ ಅದು?"

ಅವಳು ತನ್ನ ಲೋಟವನ್ನೆತ್ತಿ ಒಂದು ಗುಟುಕು ಕುಡಿದಳು, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಹೂಂ, ಇನ್ನೇನಿದೆ ಹೇಳು," ಅಂದಳು.

ಲಾಕಿ ಮತ್ತೆ ಲೋಟಕ್ಕೆ ಮೂಗಿಟ್ಟ. ಈ ಸಲ ಅವಸರ ಮಾಡಲಿಲ್ಲ.